ಹೇಳದ್ದನ್ನು ಕೇಳಿಸಿಕೊಳ್ಳುವ ಮಕ್ಕಳು: ಜಪಾನಿನ ಮೌನ ಸಂವಹನ ಮತ್ತು ಮಕ್ಕಳ ಪಾಲನೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ನಾಗೋಯಾದಲ್ಲಿ ಆರು ವರ್ಷ ಸಂಸಾರ ಮಾಡಿ, ಮಗಳನ್ನು ಅಲ್ಲಿನ ಶಿಶುವಿಹಾರಕ್ಕೆ ಕಳಿಸಿ, ಊರಿಗೆ ಮರಳಿದವಳು ನಾನು. ಬಂದಾಗಿನಿಂದ ನೆಂಟರು, ಗೆಳತಿಯರು, ಜಪಾನಿಗೆ ಹೊರಟುನಿಂತ ದಂಪತಿಗಳು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವುಗಳಿಗೆ ಕೊಟ್ಟ ಉತ್ತರಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಅಲ್ಲಿ ಕಣ್ಣಾರೆ ಕಂಡದ್ದೂ ಇದೆ, ಆಮೇಲೆ ಓದಿ ತಿಳಿದುಕೊಂಡದ್ದೂ ಇದೆ.

ಜಪಾನೀಯರು ಮಾತೇ ಆಡದೆ ಒಬ್ಬರನ್ನೊಬ್ಬರು ಅರ್ಥಮಾಡಿಕೊಳ್ಳುತ್ತಾರಂತೆ, ನಿಜವೇ?

ಮಾತು ಆಡುತ್ತಾರೆ, ಧಾರಾಳವಾಗಿಯೇ ಆಡುತ್ತಾರೆ. ಆದರೆ ಹೇಳಬೇಕಾದುದರಲ್ಲಿ ಒಂದು ಪಾಲನ್ನು ಕೇಳುವವರಿಗೆ ಬಿಟ್ಟುಕೊಡುತ್ತಾರೆ. ಸಂಜೆ ಊಟಕ್ಕೆ ಬರುತ್ತೀರಾ ಎಂದು ಕೇಳಿದರೆ "ಇವತ್ತು ಸ್ವಲ್ಪ..." ಎಂದು ಎಳೆದು ನಿಲ್ಲಿಸಿಬಿಡುತ್ತಾರೆ. ಮುಂದಿನ "ಆಗುವುದಿಲ್ಲ" ಎಂಬುದನ್ನು ನಾವೇ ತುಂಬಿಕೊಳ್ಳಬೇಕು. "ಸ್ವಲ್ಪ ಏನು?" ಎಂದು ಮರುಪ್ರಶ್ನೆ ಹಾಕಿದರೆ ಎದುರಿನವರು ಪಾಪ, ಬೆವರುತ್ತಾರೆ. ಮೊದಲ ವರ್ಷ ನಾನು ಹಾಗೆ ಕೇಳಿ ಎಷ್ಟು ಜನರನ್ನು ಕಷ್ಟಕ್ಕೆ ಸಿಲುಕಿಸಿದ್ದೇನೋ!

ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲಿ ಇಂಥ ಸಮಾಜಗಳಿಗೆ ಒಂದು ವಿವರಣೆ ಕೊಟ್ಟರು. ಕೆಲವೆಡೆ ಅರ್ಥವೆಲ್ಲ ಆಡಿದ ಮಾತಿನಲ್ಲೇ ಇರುತ್ತದೆ. ಇನ್ನು ಕೆಲವೆಡೆ ಅದು ಸಂದರ್ಭದಲ್ಲಿ ಹುದುಗಿರುತ್ತದೆ: ಯಾರು, ಯಾರ ಎದುರು, ಎಲ್ಲಿ, ಯಾವ ದನಿಯಲ್ಲಿ ಹೇಳಿದರು ಎಂಬುದರಲ್ಲಿ. ಎರಡನೆಯ ಬಗೆಗೆ ಅವರು ಕೊಟ್ಟ ಪ್ರಮುಖ ಉದಾಹರಣೆಗಳಲ್ಲಿ ಜಪಾನ್ ಒಂದು. ಸುಳಿವಿನಿಂದ ಅರ್ಥ ಹಿಡಿಯುವ ಈ ಕೆಲಸಕ್ಕೆ ಜಪಾನಿ ಭಾಷೆಯಲ್ಲಿ "ಸಶ್ಶಿ" ಎನ್ನುತ್ತಾರೆ. ನಮ್ಮ "ಇಂಗಿತ ಅರಿಯುವುದು" ಇದಕ್ಕೆ ತೀರಾ ಹತ್ತಿರದ ಮಾತು.

"ಗಾಳಿ ಓದುವುದು" ಎಂದರೇನು?

"ಕೂಕಿ ಒ ಯೊಮು" ಎಂಬ ನುಡಿಗಟ್ಟಿನ ಅಕ್ಷರಶಃ ಅರ್ಥ ಅದು. ಕೋಣೆಗೆ ಕಾಲಿಟ್ಟ ಕೂಡಲೇ ಅಲ್ಲಿನ ಮನಃಸ್ಥಿತಿ ಹೇಗಿದೆ, ಯಾರು ಮುನಿದಿದ್ದಾರೆ, ಯಾವ ಮಾತು ಈಗ ಎತ್ತಬಾರದು ಎಂದು ತಿಳಿಯುವುದು. 2007ರ ಸುಮಾರಿಗೆ, ಗಾಳಿ ಓದಲು ಬಾರದವರನ್ನು "ಕೆ.ವೈ." ಎಂದು ಎರಡೇ ಅಕ್ಷರಗಳಲ್ಲಿ ಮೂದಲಿಸುವುದು ಅಲ್ಲಿನ ಹುಡುಗ ಹುಡುಗಿಯರಲ್ಲಿ ವಿಪರೀತ ಹಬ್ಬಿತ್ತು. ಹೀಗೊಂದು ಬೈಗುಳ ಬೇಕಾಯಿತೆಂದರೆ, ಗಾಳಿ ಓದಲಾಗದ ಜಪಾನೀಯರೂ ಬೇಕಾದಷ್ಟು ಜನ ಇದ್ದಾರೆಂದೇ ಅರ್ಥ.

ಇದಕ್ಕೂ ಬೌದ್ಧ ಧರ್ಮಕ್ಕೂ ಸಂಬಂಧವಿದೆಯೇ?

ನುಡಿಗಟ್ಟುಗಳ ಮಟ್ಟಿಗೆ ಖಂಡಿತ ಇದೆ. ಮನಸ್ಸಿನಿಂದ ಮನಸ್ಸಿಗೆ ನೇರವಾಗಿ ದಾಟುವ ತಿಳಿವಳಿಕೆಗೆ "ಇಶಿನ್ ದೆನ್‌ಶಿನ್" ಎನ್ನುತ್ತಾರೆ. ಅದು ಚೀನಾದ ಧ್ಯಾನ ಪರಂಪರೆಯಿಂದ ಜಪಾನಿಗೆ ಬಂದ ಮಾತು. ಬುದ್ಧ ಏನೂ ಹೇಳದೆ ಒಂದು ಹೂವನ್ನು ಎತ್ತಿ ಹಿಡಿದನಂತೆ, ನೆರೆದವರಲ್ಲಿ ಮಹಾಕಾಶ್ಯಪನೊಬ್ಬ ಮುಗುಳ್ನಕ್ಕನಂತೆ. ಆ ಕಥೆಯೂ ಅದೇ ಪರಂಪರೆಯದು.

ನನಗೆ ಇನ್ನೂ ಇಷ್ಟವಾದದ್ದು ಮತ್ತೊಂದು ಮಾತು, "ಆ-ಉನ್ ನೊ ಕೊಕ್ಯೂ". ಆ ಮತ್ತು ಉನ್‌ಗಳ ಉಸಿರು ಎಂದರ್ಥ. ನಾರಾ ನಗರದ ತೋದಾಯ್‌ಜಿ ದೇವಾಲಯದ ದಕ್ಷಿಣ ಮಹಾದ್ವಾರದಲ್ಲಿ ಎಂಟು ಮೀಟರಿಗೂ ಎತ್ತರದ ಎರಡು ಮರದ ದ್ವಾರಪಾಲಕರಿದ್ದಾರೆ. 1203ರಲ್ಲಿ ಉನ್‌ಕೇ, ಕಾಯ್‌ಕೇ ಮೊದಲಾದ ಶಿಲ್ಪಿಗಳು ಕಡೆದದ್ದು. ಒಬ್ಬನ ಬಾಯಿ ತೆರೆದಿದೆ, ಇನ್ನೊಬ್ಬನದು ಬಿಗಿದಿದೆ. ಒಬ್ಬ "ಅ" ಎನ್ನುತ್ತಿದ್ದಾನೆ, ಇನ್ನೊಬ್ಬ "ಹೂಂ" ಎನ್ನುತ್ತಿದ್ದಾನೆ. ಎರಡೂ ಸಂಸ್ಕೃತದ ಬೀಜಾಕ್ಷರಗಳು. ನಮ್ಮ ಅಕ್ಷರಮಾಲೆಯ ಮೊದಲ ಅಕ್ಷರ ಅಷ್ಟು ದೂರದಲ್ಲಿ ಒಬ್ಬ ಕಾವಲುಗಾರನ ಬಾಯಲ್ಲಿ ನಿಂತಿರುವುದನ್ನು ಕಂಡು ನಾನು ಬಹಳ ಹೊತ್ತು ಅಲ್ಲೇ ನಿಂತಿದ್ದೆ. ವರ್ಷಗಟ್ಟಲೆ ಜೊತೆಯಾಗಿ ದುಡಿದ ಇಬ್ಬರು ಮಾತಿಲ್ಲದೆ ಕೈಗೆ ಕೈ ಕೂಡಿಸಿದರೆ, ಅವರದು ಆ-ಉನ್ ಉಸಿರು ಎನ್ನುತ್ತಾರೆ.

ಆದರೆ ನೆರೆಮನೆಯ ತಾಯಿ ಮಗುವನ್ನು ಬೆಳೆಸುವಾಗ ಧ್ಯಾನಸೂತ್ರಗಳನ್ನು ನೆನೆಯುವುದಿಲ್ಲ. ಕಾರಣವನ್ನು ಮನೆಯೊಳಗೇ ಹುಡುಕಬೇಕು.

ಒಮೊಯಿಯಾರಿ ಎಂದರೆ ಸಹಾನುಭೂತಿಯೇ?

ಹತ್ತಿರದ ಮಾತು, ಆದರೆ ಒಂದೇ ಅಲ್ಲ. ಎದುರಿನವರ ನೋವನ್ನು ಕಂಡು ನಾವೂ ನೊಂದರೆ ಅದು ಸಹಾನುಭೂತಿ. ಅವರು ಬಾಯಿಬಿಡುವ ಮೊದಲೇ ಬೇಕಾದುದನ್ನು ಊಹಿಸಿ, ಕೈಯಾರೆ ಮಾಡಿಬಿಟ್ಟರೆ ಅದು ಒಮೊಯಿಯಾರಿ. ಕೇಳಿದ ಮೇಲೆ ಕೊಟ್ಟರೆ ಅದರ ಬೆಲೆ ಅರ್ಧ ಇಳಿಯುತ್ತದೆ. ಜಪಾನಿನ ಯಾವ ಶಾಲೆಗೆ ಹೋದರೂ ಗೋಡೆಯ ಮೇಲೆ, ಗುರಿಗಳ ಪಟ್ಟಿಯಲ್ಲಿ ಈ ಪದ ಕಣ್ಣಿಗೆ ಬೀಳುತ್ತದೆ. ಮಗಳು ಲೆಕ್ಕದಲ್ಲಿ ಹಿಂದೆ ಬಿದ್ದರೆ ಅಲ್ಲಿನ ತಾಯಂದಿರು ಸೈರಿಸಿಕೊಳ್ಳುತ್ತಾರೆ, ಒಮೊಯಿಯಾರಿ ಇಲ್ಲದ ಮಗು ಎನಿಸಿಕೊಂಡರೆ ತಲೆ ತಗ್ಗಿಸುತ್ತಾರೆ.

ಈ ಗುಣ ಅವರಿಗೆ ಹುಟ್ಟಿನಿಂದಲೇ ಬರುತ್ತದೆಯೇ?

ಇಲ್ಲ. ಅದನ್ನು ಕಲಿಸುತ್ತಾರೆ, ಅದೂ ದಿನಕ್ಕೆ ಹತ್ತಾರು ಬಾರಿ. ಈ ಪುಟ ಬರೆಯಲು ಕೂತದ್ದೇ ಇದನ್ನು ಹೇಳಲು.

ಕಲಿಕೆ ಎಷ್ಟು ಬೇಗ ಶುರುವಾಗುತ್ತದೆ ಎಂಬುದಕ್ಕೆ ಒಂದು ಹಳೆಯ ಅಧ್ಯಯನವಿದೆ. ವಿಲಿಯಂ ಕಾಡಿಲ್ ಮತ್ತು ಹೆಲೆನ್ ವೈನ್‌ಸ್ಟೈನ್ 1969ರಲ್ಲಿ ಪ್ರಕಟಿಸಿದ್ದು. ಜಪಾನಿನ 30 ಮತ್ತು ಅಮೆರಿಕದ 30 ಶಿಶುಗಳನ್ನು, ಮೂರು ನಾಲ್ಕು ತಿಂಗಳ ಪ್ರಾಯದಲ್ಲಿ, ಅವರವರ ಮನೆಯಲ್ಲೇ ಕೂತು ಗಮನಿಸಿದರು. ಅಮೆರಿಕದ ತಾಯಂದಿರು ಮಗುವಿನೊಡನೆ ಹೆಚ್ಚು ಹರಟುತ್ತಿದ್ದರು, ಅಲ್ಲಿನ ಶಿಶುಗಳು ಕೇಕೆ ಹಾಕುವುದೂ ಕೈಕಾಲು ಆಡಿಸುವುದೂ ಹೆಚ್ಚು. ಜಪಾನಿನ ತಾಯಂದಿರು ಎತ್ತಿಕೊಳ್ಳುವುದು, ತೂಗುವುದು, ಲಾಲಿಸುವುದು ಹೆಚ್ಚು. ಅಲ್ಲಿನ ಶಿಶುಗಳು ಹೆಚ್ಚು ಶಾಂತ. ಅಂದರೆ ನಾಲ್ಕು ತಿಂಗಳು ತುಂಬುವುದರೊಳಗೇ ಒಂದು ಮಗು ದನಿಯನ್ನೂ ಇನ್ನೊಂದು ಮಗು ಮೈಯ ಸ್ಪರ್ಶವನ್ನೂ ಸಂಪರ್ಕದ ಮುಖ್ಯ ದಾರಿಯಾಗಿ ಕಲಿತಿರುತ್ತದೆ. ಐವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಮಾತು ಇದು, ಇಂದಿನ ಪ್ರತಿ ಮನೆಗೂ ಹಾಗೇ ಒಪ್ಪುವುದಿಲ್ಲ. ಆದರೂ ಮುಂದಿನ ಎಷ್ಟೋ ಅಧ್ಯಯನಗಳಿಗೆ ದಾರಿ ತೋರಿದ್ದು ಇದೇ.

ಹಾಗಾದರೆ ತಾಯಂದಿರು ಇದನ್ನು ಹೇಗೆ ಕಲಿಸುತ್ತಾರೆ?

ಅಚ್ಚರಿಯ ಸಂಗತಿ ಎಂದರೆ, ಮಾತಿಲ್ಲದ ತಿಳಿವಳಿಕೆಯನ್ನು ಅವರು ಕಲಿಸುವುದು ಮಾತಿನಿಂದಲೇ.

ಭಾಷಾವಿಜ್ಞಾನಿ ಪೆಟ್ರೀಷಿಯಾ ಕ್ಲಾನ್ಸಿ ಜಪಾನಿನ ಎರಡು ವರ್ಷದ ಮಕ್ಕಳು ಮತ್ತು ಅವರ ತಾಯಂದಿರ ಮಾತುಕತೆಯನ್ನು ಧ್ವನಿಮುದ್ರಿಸಿ, 1986ರಲ್ಲಿ ಅದರ ಬಗ್ಗೆ ಬರೆದರು. ಅವರ ಕಣ್ಣಿಗೆ ಬಿದ್ದ ಒಂದು ಅಭ್ಯಾಸವನ್ನು ನಾನೂ ನೂರಾರು ಬಾರಿ ಕಂಡಿದ್ದೇನೆ. ಪಕ್ಕದಲ್ಲಿ ಸುಮ್ಮನೆ ಕೂತಿರುವವರಿಗೆ ತಾಯಿ ದನಿ ಕೊಡುತ್ತಾಳೆ.

ನಮ್ಮ ಎದುರು ಮನೆಯಲ್ಲಿ ಚಳಿಗಾಲದ ಒಂದು ಮಧ್ಯಾಹ್ನ ಕೂತಿದ್ದೆ. ಕೆಳಗೆ ಕಾವು ಇರುವ ಗಿಡ್ಡ ಮೇಜು, ಮೇಲೆ ಹೊದಿಕೆ, ನಡುವೆ ಕಿತ್ತಳೆ ಹಣ್ಣಿನ ಬುಟ್ಟಿ. ಆ ಮನೆಯ ಎರಡೂವರೆ ವರ್ಷದ ಹುಡುಗ ಸಿಪ್ಪೆ ಸುಲಿದ ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು ತಿನ್ನುತ್ತಿದ್ದ. ನಾನು ಬಾಯಿ ತೆರೆದಿರಲಿಲ್ಲ, ಹಣ್ಣಿನ ಕಡೆ ನೋಡಿಯೂ ಇರಲಿಲ್ಲ. ಅವನ ತಾಯಿ ಮೆಲ್ಲಗೆ, "ಅತ್ತೆಯೂ ತಿನ್ನಬೇಕು ಅಂತಿದ್ದಾರೆ ನೋಡು" ಎಂದಳು. ಹುಡುಗ ನನ್ನ ಮುಖವನ್ನು ದಿಟ್ಟಿಸಿದ. ನನ್ನಲ್ಲಿ ಹಸಿವು ಹುಡುಕುತ್ತಿದ್ದಾನೆ ಎನಿಸಿತು. ಆಮೇಲೆ ಒಂದು ತೊಳೆ ಬಿಡಿಸಿ, ಅದನ್ನು ಅರ್ಧ ಹಿಸುಕಿ, ರಸ ಸೋರುತ್ತಿದ್ದ ಕೈಯನ್ನು ನನ್ನ ಕಡೆ ಚಾಚಿದ. ನಾನು ತಿಂದೆ. "ಅತ್ತೆಗೆ ಖುಷಿಯಾಯಿತಂತೆ" ಎಂದಳು ತಾಯಿ. ಅದನ್ನೂ ನಾನು ಹೇಳಿರಲಿಲ್ಲ!

"ಹಂಚಿಕೊಂಡು ತಿನ್ನು" ಎಂದು ಆಕೆ ಅಪ್ಪಣೆ ಮಾಡಲಿಲ್ಲ. ಸುಮ್ಮನಿರುವವರ ಒಳಗೂ ಒಂದು ಮಾತು ಇರುತ್ತದೆ, ಅದನ್ನು ಮುಖದಲ್ಲಿ ಹುಡುಕಬೇಕು ಎಂದು ತೋರಿಸಿಕೊಟ್ಟಳು. ಇದೇ ಪಾಠವನ್ನು ವರ್ಷಗಟ್ಟಲೆ ಕೇಳಿದ ಮಗು ಮುಂದೆ ತಾಯಿಯ ಸಹಾಯವಿಲ್ಲದೆ ಆ ದನಿಯನ್ನು ಕೇಳಿಸಿಕೊಳ್ಳುತ್ತದೆ. ನಾವು "ಮೌನ ಸಂವಹನ" ಎಂದು ಕರೆದು ಬೆರಗಾಗುವುದರ ಬೇರು ಇಲ್ಲಿದೆ ಎಂದು ನನ್ನ ನಂಬಿಕೆ.

ಆಟಿಕೆ ಕೊಡುವಾಗಲೂ ವ್ಯತ್ಯಾಸವಿದೆಯೇ?

ಇದೆ. ಆನ್ ಫರ್ನಾಲ್ಡ್ ಮತ್ತು ಹಿರೊಮಿ ಮೊರಿಕಾವಾ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡೂ ದೇಶದ ತಾಯಂದಿರಿಗೆ ಒಂದೇ ಬಗೆಯ ಆಟಿಕೆಗಳನ್ನು ಕೊಟ್ಟಿದ್ದರು. ಅಮೆರಿಕದ ತಾಯಿ "ಇದು ಕಾರು, ಚಕ್ರ ನೋಡು, ಎಷ್ಟು ಚೆನ್ನಾಗಿದೆ" ಎಂದು ಹೆಸರು ಹೇಳಿಕೊಡುತ್ತಾಳೆ. ಜಪಾನಿನ ತಾಯಿ ಅದೇ ಕಾರನ್ನು ಹಿಡಿದು "ಇಗೋ ಬೂಬೂ, ನಿನಗೆ ಕೊಟ್ಟೆ, ಈಗ ನನಗೆ ಕೊಡು, ಹಾಂ, ಥ್ಯಾಂಕ್ಯೂ" ಎನ್ನುತ್ತಾಳೆ. ಕಾರಿನ ಹೆಸರು ಅಲ್ಲಿ ಮುಖ್ಯವಲ್ಲ. ಕೊಡುವುದು, ಪಡೆಯುವುದು, ಕೊಟ್ಟವರಿಗೆ ತಲೆಬಾಗುವುದು ಮುಖ್ಯ. ಅಮೆರಿಕದ ಮಗು ವಸ್ತುಗಳ ಹೆಸರುಗಳನ್ನು ಬೇಗ ಕಲಿಯುತ್ತದೆ ಎಂಬುದನ್ನೂ ಅವರು ಗಮನಿಸಿದರು.

"ಅಮಾಎ" ಎಂಬ ಪದ ಎಲ್ಲೆಡೆ ಬರುತ್ತದೆ. ಏನದು?

ಪ್ರೀತಿಸುವವರ ಮೇಲೆ ಸಲಿಗೆಯಿಂದ ಒರಗುವುದು. ತನ್ನ ಕೈಯಲ್ಲೇ ಉಣ್ಣಬಲ್ಲ ಮಗು "ಅಮ್ಮಾ, ನೀನೇ ತಿನಿಸು" ಎಂದು ಬಾಯಿ ತೆರೆದು ಕೂರುತ್ತದಲ್ಲ, ಅದು ಅಮಾಎ. ಬೈಯುವುದಿಲ್ಲ, ಒಪ್ಪಿಕೊಳ್ಳುತ್ತಾರೆ ಎಂಬ ಭರವಸೆ ಅದರ ಜೀವ.

ಮನೋವೈದ್ಯ ತಾಕೆಓ ದೋಯಿ 1971ರಲ್ಲಿ ಈ ಒಂದು ಪದದ ಮೇಲೆ ಇಡೀ ಪುಸ್ತಕ ಬರೆದರು. ಅದಕ್ಕೆ ಎಡೆ ಮಾಡಿಕೊಟ್ಟ ಪ್ರಸಂಗಗಳಲ್ಲಿ ಒಂದು ನಮ್ಮವರಿಗೆ ಚೆನ್ನಾಗಿ ಅರ್ಥವಾಗುತ್ತದೆ. 1950ರ ಸುಮಾರಿಗೆ ಅವರು ಅಮೆರಿಕಕ್ಕೆ ಹೋಗಿದ್ದಾಗ ಪರಿಚಯದವರ ಮನೆಗೆ ಹೋದರು. ಹಸಿವೆಯೇ, ಐಸ್‌ಕ್ರೀಂ ಇದೆ ಎಂದು ಆತಿಥೇಯರು ಕೇಳಿದರು. ಹಸಿದೇ ಇದ್ದ ದೋಯಿ, ಮೊದಲ ಭೇಟಿಯಲ್ಲೇ ಹೂಂ ಎನ್ನಲು ಸಂಕೋಚಪಟ್ಟು ಬೇಡ ಎಂದರು. ಇನ್ನೊಮ್ಮೆ ಒತ್ತಾಯಿಸುತ್ತಾರೆ ಎಂದು ಕಾದರು. ಆತಿಥೇಯರು "ಸರಿ" ಎಂದು ಸುಮ್ಮನಾದರು. ನಮ್ಮ ಕಡೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು "ಸಾಕು ಸಾಕು" ಎಂದವರಿಗೂ ಇನ್ನೊಂದು ಸೌಟು ಬೀಳದಿದ್ದರೆ ಹೇಗೆ ಪೆಚ್ಚಾಗುತ್ತದೋ, ಹಾಗೆ.

ದೋಯಿ ಅವರ ವಾದ ಹೀಗೆ: ಬಾಲ್ಯದಲ್ಲಿ ಕೇಳದೆಯೇ ಪಡೆದ ಮಗು, ದೊಡ್ಡವನಾದ ಮೇಲೂ ಆಪ್ತರಿಂದ ಅದನ್ನೇ ಬಯಸುತ್ತದೆ. ಬಾಯಿಬಿಟ್ಟು ಕೇಳಬೇಕಾಗಿ ಬಂದರೆ ಅದಕ್ಕೆ ಏನೋ ಕಳೆದುಕೊಂಡಂತೆ.

ಮಕ್ಕಳು ಬಹಳ ವರ್ಷ ತಂದೆತಾಯಿಯ ಜೊತೆಗೇ ಮಲಗುತ್ತಾರೆಯೇ?

ಹೌದು. ಅಪ್ಪ ಅಮ್ಮನ ನಡುವೆ ಮಗು ಮಲಗುವುದಕ್ಕೆ ಅವರು "ಕವಾ ನೊ ಜಿ" ಎನ್ನುತ್ತಾರೆ. ನದಿ ಎಂಬ ಅರ್ಥದ ಅಕ್ಷರದಲ್ಲಿ ಮೂರು ನೇರ ಗೆರೆಗಳಿವೆ, ನಡುವಿನದು ಗಿಡ್ಡ. ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವುದಕ್ಕೆ "ಒಂಬು" ಎಂದು ಹೆಸರು. ರಾತ್ರಿ ಒಂದೇ ತೊಟ್ಟಿಯ ಬಿಸಿನೀರಿನಲ್ಲಿ ಅಪ್ಪನೋ ಅಮ್ಮನೋ ಮಗುವನ್ನು ಜೊತೆಗೆ ಕೂರಿಸಿಕೊಂಡು ಸ್ನಾನ ಮಾಡುವುದು ಸರ್ವೇಸಾಮಾನ್ಯ. ಹೆರಿಗೆಗೆ ತವರಿಗೆ ಹೋಗುವ ರೂಢಿಯೂ ಇದೆ, ಹಾಗಾಗಿ ಬಾಣಂತನ ಎಂದರೇನೆಂದು ಅವರಿಗೆ ವಿವರಿಸಬೇಕಾಗಲಿಲ್ಲ. ಇವೆಲ್ಲದರಲ್ಲಿ ಮಗು ಮತ್ತೊಬ್ಬರ ಉಸಿರು, ಬಿಗಿ, ಸಡಿಲಗಳನ್ನು ಮೈಯಿಂದಲೇ ಗುರುತಿಸುತ್ತದೆ.

ಹೀಗೆ ಅಂಟಿಕೊಂಡ ಮಕ್ಕಳು ಅಧೀರರಾಗುವುದಿಲ್ಲವೇ?

ಪಾಶ್ಚಾತ್ಯ ಸಂಶೋಧಕರಿಗೂ ಒಮ್ಮೆ ಹಾಗೆನಿಸಿತ್ತು. 1980ರ ದಶಕದಲ್ಲಿ ಸಪ್ಪೊರೊದಲ್ಲಿ ನಡೆದ ಅಧ್ಯಯನಗಳಲ್ಲಿ, ತಾಯಿ ಸ್ವಲ್ಪ ಹೊತ್ತು ಕೋಣೆಯಿಂದ ಹೊರಗೆ ಹೋಗುವ ಪ್ರಸಿದ್ಧ ಪರೀಕ್ಷೆಯನ್ನು ಒಂದು ವರ್ಷದ ಮಕ್ಕಳ ಮೇಲೆ ಮಾಡಿದರು. ಬಹಳ ಮಕ್ಕಳು ಸಮಾಧಾನವಾಗದಂತೆ ಅತ್ತವು. ತಾಯಿ ಮರಳಿದಾಗ ಮುಖ ತಿರುಗಿಸುವ ಬಗೆಯ ಮಕ್ಕಳಂತೂ ಇರಲೇ ಇಲ್ಲ ಎನ್ನಬೇಕು. "ಅಭದ್ರ ಬಾಂಧವ್ಯ" ಎಂಬ ಹಣೆಪಟ್ಟಿ ಬಿತ್ತು. ಆದರೆ ಒಂಟಿಯಾಗಿ ಬಿಟ್ಟು ಅಭ್ಯಾಸವೇ ಇಲ್ಲದ ಮಗುವನ್ನು ಅಪರಿಚಿತ ಕೋಣೆಯಲ್ಲಿ ಒಂಟಿಯಾಗಿ ಬಿಟ್ಟರೆ ಅದು ಅಳದೆ ಇನ್ನೇನು ಮಾಡೀತು? ಜಪಾನಿನ ಸಂಶೋಧಕರೂ ಇದನ್ನೇ ಕೇಳಿದರು. ಇದೇ ಮಕ್ಕಳು ಆರನೆಯ ವರ್ಷಕ್ಕೆ ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ನಡೆದು ಹೋಗುವುದನ್ನು ಯಾರು ಬೇಕಾದರೂ ಬೆಳಗ್ಗೆ ಬೀದಿಯಲ್ಲಿ ನಿಂತು ನೋಡಬಹುದು.

ಶಿಶುವಿಹಾರದಲ್ಲಿ ಮಕ್ಕಳು ಹೊಡೆದಾಡಿದರೂ ಶಿಕ್ಷಕಿ ಬಿಡಿಸುವುದಿಲ್ಲವಂತೆ?

ಇದು ನನ್ನನ್ನು ಅತ್ಯಂತ ಕಂಗೆಡಿಸಿದ, ಆಮೇಲೆ ಅತ್ಯಂತ ಒಲಿಸಿಕೊಂಡ ಸಂಗತಿ.

ಮಗಳಿಗೆ ಆಗ ಮೂರೂವರೆ ವರ್ಷ. ಕರೆದುಕೊಂಡು ಬರಲು ಸ್ವಲ್ಪ ಬೇಗ ಹೋಗಿದ್ದೆ. ಮರಳಿನ ಗುಂಡಿಯಲ್ಲಿ ಒಂದು ಕೆಂಪು ಸಲಿಕೆಗಾಗಿ ಅವಳಿಗೂ ಒಬ್ಬ ಹುಡುಗನಿಗೂ ಎಳೆದಾಟ. ಹುಡುಗ ಹಿಡಿ ಬಿಡಲಿಲ್ಲ, ಇವಳು ಅವನ ಟೋಪಿ ಕಿತ್ತು ಎಸೆದಳು. ಅವನು ಗೋಳೋ ಎಂದು ಅತ್ತ. ನಾನು ಧಾವಿಸಲು ಹೊರಟೆ. ನಾಲ್ಕು ಹೆಜ್ಜೆ ದೂರದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ ಶಿಕ್ಷಕಿ ನನ್ನತ್ತ ತಿರುಗಿ ಸಣ್ಣಗೆ ತಲೆಬಾಗಿದರು. ತಡೆಯಿರಿ ಎಂಬ ಅರ್ಥ. ಅವರು ಎಲ್ಲವನ್ನೂ ನೋಡುತ್ತಿದ್ದರು. ಅಷ್ಟರಲ್ಲಿ ಇನ್ನೊಬ್ಬ ಹುಡುಗಿ ಬಂದಳು, ಟೋಪಿ ಎತ್ತಿ ಮರಳು ಕೊಡವಿ ಹುಡುಗನ ತಲೆಗೆ ಹಾಕಿದಳು, ನನ್ನ ಮಗಳ ಪಕ್ಕ ಸುಮ್ಮನೆ ನಿಂತಳು. ಆಗಷ್ಟೇ ಶಿಕ್ಷಕಿ ಹತ್ತಿರ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಅವನ ಮುಖ ಈಗ ಹೇಗಿದೆ?" ಯಾರದು ತಪ್ಪು ಎಂದು ಕೇಳಲಿಲ್ಲ, ಕ್ಷಮೆ ಕೇಳಿಸಲಿಲ್ಲ. ಮಗಳು ಬಹಳ ಹೊತ್ತು ಅವನ ಮುಖವನ್ನೇ ನೋಡಿದಳು. ಆಮೇಲೆ ಅವಳೂ ಅತ್ತಳು.

ದಿನವೂ ಮನೆಗೂ ಶಾಲೆಗೂ ಓಡಾಡುವ ಸಂಪರ್ಕ ಪುಸ್ತಕವೊಂದಿರುತ್ತದೆ. ಅಂದು ಅದರಲ್ಲಿ ಜಗಳದ ದೂರಿರಲಿಲ್ಲ. "ಇಂದು ಇಬ್ಬರೂ ಅತ್ತರು, ಸಂಜೆ ಒಟ್ಟಿಗೆ ಗುಂಡಿ ತೋಡಿದರು" ಎಂದಷ್ಟೇ ಬರೆದಿತ್ತು.

ಇದಕ್ಕೆ "ಮಿಮಾಮೊರು" ಎನ್ನುತ್ತಾರೆ: ನೋಡುತ್ತಾ ಕಾಯುವುದು. ಅಮೆರಿಕದ ಸಂಶೋಧಕ ಜೋಸೆಫ್ ಟೋಬಿನ್ ಮತ್ತು ಸಂಗಡಿಗರು ಕ್ಯೋತೋ ನಗರದ ಒಂದು ಶಿಶುವಿಹಾರದಲ್ಲಿ ಇದನ್ನು ಚಿತ್ರೀಕರಿಸಿ 1989ರಲ್ಲಿ ಬರೆದರು, ಇಪ್ಪತ್ತು ವರ್ಷದ ಮೇಲೆ ಅಲ್ಲಿಗೇ ಮರಳಿ ಮತ್ತೆ ಬರೆದರು. ಒಬ್ಬ ಶಿಕ್ಷಕಿಗೆ ಮೂವತ್ತರ ಹತ್ತಿರ ಮಕ್ಕಳಿರುವುದು ಅಲ್ಲಿನವರಿಗೆ ಕೊರತೆಯಾಗಿ ಕಾಣಲಿಲ್ಲ. ಮಕ್ಕಳು ಕಡಿಮೆಯಾದರೆ ಪ್ರತಿ ಜಗಳಕ್ಕೂ ದೊಡ್ಡವರು ಕೈಹಾಕುತ್ತಾರೆ, ಮಕ್ಕಳು ಪರಸ್ಪರರನ್ನು ಓದಲು ಕಲಿಯುವುದಿಲ್ಲ ಎಂದು ಅವರ ತರ್ಕ. ಪೆಟ್ಟು ಗಾಯವಾಗುವಂತಿದ್ದರೆ ಮಾತ್ರ ಶಿಕ್ಷಕಿ ಮಿಂಚಿನಂತೆ ಏಳುತ್ತಾರೆ, ಅದನ್ನೂ ಕಂಡಿದ್ದೇನೆ.

ಕ್ಯಾರೆಟ್‌ಗೂ ಬೇಸರವಾಗುತ್ತದೆ ಎಂದು ಹೇಳಿಕೊಡುತ್ತಾರೆಯೇ?

ಹೇಳಿಕೊಡುತ್ತಾರೆ! ಮಗು ಅನ್ನ ತಿಂದು ಕ್ಯಾರೆಟ್ ಬಿಟ್ಟರೆ, "ಕ್ಯಾರೆಟ್ ಒಂದೇ ಉಳಿದುಬಿಟ್ಟಿತು, ಅದಕ್ಕೆ ಒಂಟಿ ಎನಿಸುವುದಿಲ್ಲವೇ?" ಎನ್ನುತ್ತಾರೆ. "ಸಬಿಶೀ", ಒಂಟಿತನದ ನೋವು, ಶಿಶುವಿಹಾರದಲ್ಲಿ ದಿನವೂ ಕಿವಿಗೆ ಬೀಳುವ ಪದ. ಟೋಬಿನ್ ಜೊತೆ ಅಕಿಕೊ ಹಯಾಶಿ ಮತ್ತು ಮಯುಮಿ ಕರಸಾವಾ 2009ರಲ್ಲಿ ಬರೆದ ಲೇಖನದಲ್ಲಿ ಇದರ ಬಗೆಗಿನ ವಿವೇಚನೆ ಇದೆ. ಒಬ್ಬರು ತನ್ನ ಒಂಟಿತನವನ್ನು ಸಲಿಗೆಯಿಂದ ತೋರಿಸುತ್ತಾರೆ, ಅದನ್ನು ಕಂಡವರು ಒಮೊಯಿಯಾರಿಯಿಂದ ಹತ್ತಿರ ಹೋಗುತ್ತಾರೆ. ಒಂದಿಲ್ಲದೆ ಇನ್ನೊಂದಿಲ್ಲ. ಯಾರೂ ತಮ್ಮ ಕೊರತೆಯನ್ನು ತೋರಿಸದ ಕಡೆ ಯಾರ ಮೇಲೆ ಕರುಣೆ ಕಲಿಯುವುದು?

ಮುಖ ನೋಡುವ ಬಗೆಯಲ್ಲೂ ವ್ಯತ್ಯಾಸ ಕಂಡುಬಂದಿದೆಯೇ?

ಎರಡು ಒಳ್ಳೆಯ ಪ್ರಯೋಗಗಳಿವೆ. ಮಸಾಕಿ ಯೂಕಿ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದಂತೆ, ಭಾವನೆ ಗುರುತಿಸಲು ಜಪಾನೀಯರು ಕಣ್ಣಿಗೆ, ಅಮೆರಿಕದವರು ಬಾಯಿಗೆ ಹೆಚ್ಚು ತೂಕ ಕೊಡುತ್ತಾರೆ. ಬಾಯಿಯ ನಗುವನ್ನು ಬೇಕೆಂದಾಗ ತಂದುಕೊಳ್ಳಬಹುದು, ಕಣ್ಣು ಅಷ್ಟು ಸುಲಭಕ್ಕೆ ಮಾತು ಕೇಳುವುದಿಲ್ಲ. ಮೊಬೈಲಿನ ಹಳೆಯ ಚಿಹ್ನೆಗಳಲ್ಲೂ ಇದು ಕಾಣುತ್ತದೆ, ಜಪಾನಿನ ನಗುಮುಖ (^_^), ಅಮೆರಿಕದ್ದು :) ಎಂದು.

ತಾಕಾಹಿಕೊ ಮಸುದಾ ಮತ್ತು ಸಂಗಡಿಗರ 2008ರ ಪ್ರಯೋಗ ಇನ್ನೂ ಸೊಗಸು. ನಡುವೆ ಒಬ್ಬ ನಗುತ್ತಿದ್ದಾನೆ, ಹಿಂದೆ ನಾಲ್ವರು ಸಪ್ಪಗೆ ನಿಂತಿದ್ದಾರೆ. ನಡುವಿನವನು ಎಷ್ಟು ಸಂತೋಷವಾಗಿದ್ದಾನೆ? ಜಪಾನಿನವರ ಉತ್ತರ ಹಿಂದಿನವರ ಮುಖದಿಂದ ಬದಲಾಯಿತು, ಅಮೆರಿಕದವರದು ಬಹುಮಟ್ಟಿಗೆ ಬದಲಾಗಲಿಲ್ಲ. ಸುತ್ತಲಿನವರು ಬೇಸರದಲ್ಲಿರುವಾಗ ಒಬ್ಬನೇ ಪೂರ್ತಿ ಸುಖವಾಗಿರಲು ಸಾಧ್ಯವೇ ಎಂಬುದು ಅವರ ಒಳಗಿನ ಪ್ರಶ್ನೆ ಇರಬೇಕು.

ಅವರು "ಹಾಯ್, ಹಾಯ್" ಎಂದರೆ ಒಪ್ಪಿದರೆಂದು ತಿಳಿಯಬಹುದೇ?

ಬೇಡ. "ಹಾಯ್" ಎಂದರೆ ಹೌದು ಎಂದೇ ನಿಘಂಟಿನಲ್ಲಿದೆ, ಆದರೆ ಮಾತಿನ ನಡುವೆ ಬಂದರೆ "ಕೇಳಿಸಿಕೊಳ್ಳುತ್ತಿದ್ದೇನೆ" ಎಂದಷ್ಟೇ. ಇದು ನಾವು ಕಥೆ ಕೇಳುವಾಗ ಹೂಂಗುಟ್ಟಿದ ಹಾಗೆ. ಅದಕ್ಕೆ "ಐಜುಚಿ" ಎಂದು ಹೆಸರು. ಕಮ್ಮಾರಸಾಲೆಯಲ್ಲಿ ಗುರುವಿನ ಸುತ್ತಿಗೆಗೆ ಸರಿಯಾಗಿ ಶಿಷ್ಯ ಎದುರು ಪೆಟ್ಟು ಹಾಕುವುದರಿಂದ ಬಂದ ಪದ. ಫೋನಿನಲ್ಲಿ ನೀವು ಹೂಂಗುಟ್ಟದೆ ಕೇಳಿದರೆ, ಸಂಪರ್ಕ ಕಡಿದುಹೋಯಿತೇನೋ ಎಂದು ಅವರು ಗಾಬರಿಯಾಗುತ್ತಾರೆ.

ಅವರು ಉತ್ತರ ಕೊಡಲು ಬಹಳ ಹೊತ್ತು ಮೌನವಾಗಿರುತ್ತಾರೆ ಎಂಬ ನಂಬಿಕೆಯೂ ಇದೆ. 2009ರಲ್ಲಿ ಹತ್ತು ಭಾಷೆಗಳ ದಿನನಿತ್ಯದ ಮಾತುಕತೆಯನ್ನು ಅಳೆದ ಅಧ್ಯಯನವೊಂದರಲ್ಲಿ, ಹೌದು ಇಲ್ಲ ಬಗೆಯ ಪ್ರಶ್ನೆಗಳಿಗೆ ಅತಿ ಬೇಗ ಉತ್ತರ ಬಂದದ್ದು ಜಪಾನಿ ಭಾಷೆಯಲ್ಲೇ, ಸರಾಸರಿ 7 ಮಿಲಿಸೆಕೆಂಡ್. ಡೇನಿಶ್‌ನಲ್ಲಿ ಅದು ಸುಮಾರು 469. ಪ್ರಶ್ನೆ ಮುಗಿಯುವಷ್ಟರಲ್ಲಿ ಅದು ಎತ್ತ ಸಾಗುತ್ತಿದೆ ಎಂದು ಹಿಡಿದುಬಿಟ್ಟಿರುತ್ತಾರೆ. ಹಾಗಾಗಿ ಜಪಾನಿನವರು ಉತ್ತರಕ್ಕೆ ತಡಮಾಡಿದರೆ ಆ ತಡವನ್ನೇ ಉತ್ತರವೆಂದು ತಿಳಿಯಿರಿ.

ಕೈಸನ್ನೆಗಳಲ್ಲಿ ಎಚ್ಚರ ವಹಿಸಬೇಕಾದದ್ದು?

ಹೆಚ್ಚೇನಿಲ್ಲ. "ನಾನು" ಎನ್ನಲು ಎದೆಯ ಬದಲು ಮೂಗನ್ನು ತೋರಿಸುತ್ತಾರೆ. ಮುಖದ ಮುಂದೆ ಅಂಗೈಯನ್ನು ನೊಣ ಓಡಿಸುವಂತೆ ಆಡಿಸಿದರೆ "ಇಲ್ಲ, ಬೇಡ". ಅಂಗೈ ಕೆಳಗೆ ಮಾಡಿ ಕರೆಯುವುದು ನಮ್ಮ ಹಾಗೆಯೇ. ತಲೆಬಾಗುವುದರಲ್ಲಿ 15, 30, 45 ಡಿಗ್ರಿ ಎಂದು ಪಾಠ ಹೇಳುತ್ತಾರೆ, ಹೊರಗಿನವರು ಅಳತೆ ತಪ್ಪಿದರೆ ಯಾರೂ ಮುನಿಯುವುದಿಲ್ಲ.

ಇದರಲ್ಲಿ ಕೆಡುಕೇ ಇಲ್ಲವೇ?

ಇದೆ, ಮತ್ತು ಅದನ್ನು ಮುಚ್ಚಿಡುವುದು ಸರಿಯಲ್ಲ. ಎಲ್ಲರೂ ಗಾಳಿ ಓದುವ ಕಡೆ, ಓದಲಾರದ ಮಗುವಿನ ಬಾಳು ಕಷ್ಟ. ಆಟಿಸಂ ಇರುವ ಮಕ್ಕಳಿಗೆ, ಹೊರದೇಶದಿಂದ ಬಂದ ಮಕ್ಕಳಿಗೆ, ಸುಮ್ಮನೆ ನೇರ ಮಾತಿನ ಸ್ವಭಾವದವರಿಗೆ ಅದು ದಿನವೂ ಏರಬೇಕಾದ ಗೋಡೆ. ಇಡೀ ತರಗತಿ ಒಬ್ಬರನ್ನು ಮಾತಿಲ್ಲದೆಯೇ ಹೊರಗಿಡಬಲ್ಲದು. ಮುಖ ಓದುವ ಅದೇ ಜಾಣ್ಮೆ ಅಲ್ಲಿ ಎಲ್ಲಿ ಚುಚ್ಚಿದರೆ ಹೆಚ್ಚು ನೋಯುತ್ತದೆ ಎಂದು ತಿಳಿಯಲೂ ಬಳಕೆಯಾಗುತ್ತದೆ. ಶಾಲೆಗಳಲ್ಲಿ ಮಕ್ಕಳ ಪೀಡನೆ ತಡೆಯಲು 2013ರಲ್ಲಿ ಕಾನೂನನ್ನೇ ತರಬೇಕಾಯಿತು. 2018ರಿಂದ ಪ್ರಾಥಮಿಕ ಶಾಲೆಗಳಲ್ಲಿ ನೀತಿಶಿಕ್ಷಣ ಅಧಿಕೃತ ಪಠ್ಯವಿಷಯವಾಯಿತು.

ದೊಡ್ಡವರಲ್ಲಿ ಇದರ ರೂಪ ಬೇರೆ. 2017ರಲ್ಲಿ "ಸೊಂತಾಕು" ಎಂಬ ಪದ ಆ ವರ್ಷದ ಪದವೆಂದು ಆಯ್ಕೆಯಾಯಿತು. ಮೇಲಿನವರ ಮನಸ್ಸನ್ನು ಊಹಿಸಿ, ಅಪ್ಪಣೆಯಿಲ್ಲದೆಯೇ ಅದರಂತೆ ನಡೆಯುವುದು ಅದರ ಅರ್ಥ. ಸರ್ಕಾರಿ ಜಮೀನೊಂದು ಭಾರೀ ರಿಯಾಯಿತಿಯಲ್ಲಿ ಮಾರಾಟವಾದ ಪ್ರಕರಣದಲ್ಲಿ ಅದು ಎಲ್ಲರ ಬಾಯಲ್ಲಿತ್ತು. ಹೇಳದೆಯೇ ಆದ ಕೆಲಸಕ್ಕೆ ಹೊಣೆಗಾರರು ಯಾರು?

ಇನ್ನೊಂದು ಮಾತು. ಗುರುತಿನವರ ವಲಯದೊಳಗೆ ತುಂಬಿ ಹರಿಯುವ ಒಮೊಯಿಯಾರಿ, ಗುರುತಿಲ್ಲದವರ ಎದುರು ಎಷ್ಟೋ ಬಾರಿ ಸಂಕೋಚವಾಗಿ ನಿಂತುಬಿಡುತ್ತದೆ. ಮಗು ಹೊತ್ತು, ಚೀಲ ಹಿಡಿದು ರೈಲಿನಲ್ಲಿ ನಿಂತ ನನಗೆ ಜಾಗ ಬಿಡಲು ಬಯಸಿದವರು ಇದ್ದರು, ಅವರ ಮುಖ ಹೇಳುತ್ತಿತ್ತು. ಆದರೆ ಎದ್ದು ಕರೆಯುವ ಧೈರ್ಯ ಹಲವರಿಗೆ ಬರಲಿಲ್ಲ.

ಇದೆಲ್ಲ ಜಪಾನಿಗೆ ಮಾತ್ರ ವಿಶಿಷ್ಟವೇ?

ಹಾಗೆ ಹೇಳುವ ಪುಸ್ತಕಗಳ ರಾಶಿಯೇ ಜಪಾನಿನಲ್ಲಿದೆ, ಅವುಗಳಿಗೆ "ನಿಹೊನ್‌ಜಿನ್‌ರೊನ್" ಎಂದು ಹೆಸರೂ ಇದೆ. ನಾನು ಒಪ್ಪುವುದಿಲ್ಲ. ಅಮಾಎಗೆ ಸಮನಾದ ಪದಗಳು ಕೊರಿಯನ್ ಭಾಷೆಯಲ್ಲೂ ಇವೆ ಎಂದು ಕೊರಿಯಾದ ವಿಮರ್ಶಕ ಲೀ ಓ-ಯಂಗ್ 1982ರಲ್ಲೇ ಹೇಳಿದರು. ಕನ್ನಡದ ಮನೆಗಳಲ್ಲಿ "ಅಜ್ಜಿಗೆ ಬೇಜಾರಾಗುತ್ತದೆ ನೋಡು" ಎಂದು ಕೇಳದ ಮಗು ಯಾವುದಿದೆ? ಎಡವಿ ಬಿದ್ದ ಮಗುವಿಗೆ "ಇರುವೆ ಸತ್ತುಹೋಯಿತು ಪಾಪ" ಎನ್ನುವುದಿಲ್ಲವೇ? ವ್ಯತ್ಯಾಸವಿರುವುದು, ಮನೆಯ ಈ ಪಾಠವನ್ನು ಅವರು ಶಿಶುವಿಹಾರದಲ್ಲೂ ಶಾಲೆಯಲ್ಲೂ ಬಿಡದೆ ಮುಂದುವರಿಸುತ್ತಾರೆ ಎಂಬುದರಲ್ಲಿ. ನಮ್ಮ ಮಗು ಮೂರು ವರ್ಷಕ್ಕೇ ಅಕ್ಷರ ತಿದ್ದಲು ಕೂರುತ್ತದೆ.

ಮಗುವಿನೊಡನೆ ಜಪಾನಿಗೆ ಹೋಗುತ್ತಿದ್ದೇವೆ. ಏನು ಮಾಡಬೇಕು?

ಸಂಪರ್ಕ ಪುಸ್ತಕವನ್ನು ದಿನವೂ ಓದಿ, ಎರಡು ಸಾಲಾದರೂ ಬರೆಯಿರಿ. ರಾತ್ರಿ ನಿದ್ದೆ ಹೇಗಿತ್ತು, ಬೆಳಗ್ಗೆ ಏನು ತಿಂದಿತು ಎಂಬುದು ಸಾಕು. ಶಿಕ್ಷಕಿ ಆ ಸಾಲುಗಳಿಂದಲೇ ಮಗುವಿನ ಅಂದಿನ ಮನಸ್ಸನ್ನು ಹಿಡಿಯುತ್ತಾರೆ. ಅವರು "ಸ್ವಲ್ಪ ಯೋಚನೆಯಾಗುತ್ತಿದೆ" ಎಂದರೆ ವಿಷಯ ಗಂಭೀರ ಎಂದೇ ತಿಳಿಯಿರಿ. ಅರ್ಥವಾಗದಿದ್ದರೆ ನಾಚದೆ ಕೇಳಿ, ಹೊರಗಿನವರಿಗೆ ಆ ರಿಯಾಯಿತಿ ಇದೆ. ಮನೆಯಲ್ಲಿ ಕನ್ನಡ ಬಿಡಬೇಡಿ.

ಊರಿಗೆ ಮರಳಿದ ಮೇಲೆ ಮಗುವಿನಲ್ಲಿ ಇದು ಉಳಿಯುತ್ತದೆಯೇ?

ನಮ್ಮಲ್ಲಿ ಉಳಿದಿದೆ, ಅದರಿಂದ ತೊಂದರೆಯೂ ಆಗಿದೆ. ಬಂದ ಹೊಸತರಲ್ಲಿ ರಾತ್ರಿ ಊಟಕ್ಕೆ ಕೂತಾಗ ಮಗಳು ಇದ್ದಕ್ಕಿದ್ದಂತೆ "ತಾತನಿಗೆ ಇನ್ನೂ ಸ್ವಲ್ಪ ಸಾರು ಬೇಕಂತೆ" ಎಂದಳು. ತಾತ ತುಟಿ ಬಿಚ್ಚಿರಲಿಲ್ಲ. ಅನ್ನದ ನಡುವೆ ಬೆರಳಿನಿಂದ ಗುಂಡಿ ಮಾಡಿಕೊಂಡು ಕೂತಿದ್ದರು, ಅಷ್ಟೇ. ನಾವು ಯಾರೂ ನೋಡಿರಲಿಲ್ಲ.

ಅದೇ ಹುಡುಗಿ ಶಾಲೆಯ ಜೋಕಾಲಿಯ ಪಕ್ಕದಲ್ಲಿ ಇಡೀ ಬಿಡುವಿನ ವೇಳೆ ನಿಂತೇ ಇರುತ್ತಿದ್ದಳು. ತನಗೂ ಆಡಬೇಕೆಂದು ಯಾರಾದರೂ ಕಂಡುಕೊಳ್ಳುತ್ತಾರೆ ಎಂದು ಕಾಯುತ್ತಿದ್ದಳಂತೆ. ಎರಡು ವಾರ ಯಾರೂ ಕಂಡುಕೊಳ್ಳಲಿಲ್ಲ. ಆಮೇಲೆ ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಇಬ್ಬರೂ ಅಭ್ಯಾಸ ಮಾಡಿದೆವು: "ಈಗ ನನ್ನ ಸರದಿ, ನನಗೆ ಬಿಡಿ." ಮೊದಲ ದಿನ ಮೆಲುದನಿಯಲ್ಲಿ ಹೇಳಿದಳಂತೆ, ಕೇಳಿಸಲಿಲ್ಲವಂತೆ. ಮರುದಿನ ಕೂಗಿ ಹೇಳಿದಳು. ಜೋಕಾಲಿ ಸಿಕ್ಕಿತು.